ಲೇಡೀಸ್ ಸಂಘದ ವಾರದ ಲೋನು, 104 ಕಂತೂ ಕಟ್ಟಿದ ಮೇಲೆ ಬರೀತಿದೀನಿ

5ಕ್ಕೆ 2 ಸ್ಟಾರ್. ಆ 2 ಕೂಡ ಕೇಳಿದ ತಕ್ಷಣ ದುಡ್ಡು ಕೊಟ್ರಲ್ಲ ಅನ್ನೋದಕ್ಕೆ. ಮೈಕ್ರೋ ಫೈನಾನ್ಸ್ ಕಂಪನಿ ಹೆಸರು ಹಾಕಲ್ಲ, ನಮ್ ಮಂಡ್ಯ ಕಡೆಯೋರಿಗೆ ಹೇಳೋದೇ ಬೇಡ.

ಆಧಾರ್, ವೋಟರ್ ಐಡಿ, ಮನೆ ಮುಂದೆ ನಿಲ್ಲಿಸಿ ಒಂದು ಫೋಟೋ, ನಾಲ್ಕನೇ ದಿನಕ್ಕೆ ಅಕೌಂಟಿಗೆ ದುಡ್ಡು. ಬ್ಯಾಂಕಲ್ಲಾಗಿದ್ರೆ ಮ್ಯಾನೇಜರ್ ಮುಖ ನೋಡೋಕೇ ನಾಲ್ಕು ದಿನ ಬೇಕಿತ್ತು. ಆದ್ರೆ 50,000 ಅಂದ್ರು, ಪ್ರೋಸೆಸಿಂಗ್ ಫೀ ಇನ್ಶೂರೆನ್ಸ್ ಅಂತ ಮುರ್ಕೊಂಡು ಬಂದಿದ್ದು 48,100. ಕಟ್ಟಿದ್ದು ವಾರಕ್ಕೆ 600, ಲೆಕ್ಕ ನೀವೇ ಹಾಕ್ಕೊಳ್ಳಿ.

ರಿಸರ್ವ್ ಬ್ಯಾಂಕ್ 2022ರ ರೂಲ್ಸ್ ಪ್ರಕಾರ ಈ ಸಾಲಕ್ಕೆ ಮನೆ ಆದಾಯ ವರ್ಷಕ್ಕೆ 3 ಲಕ್ಷದೊಳಗಿರ್ಬೇಕು, ಎಲ್ಲಾ ಸಾಲದ ಕಂತೂ ಸೇರಿ ತಿಂಗಳ ಆದಾಯದ ಅರ್ಧ ದಾಟ್ಬಾರದು. ನಮಗೆ ಕಬ್ಬಿನ ದುಡ್ಡು ಬರೋದು ವರ್ಷಕ್ಕೊಂದ್ಸಲ, ಅದೂ ಫ್ಯಾಕ್ಟ್ರಿಯೋರು ಕೊಟ್ಟಾಗ, ಮಿಕ್ಕಿದ್ದು ಎರಡು ಹಸಿಂದು ಡೈರಿ ಬಟವಾಡೆ, ಇದ್ರಲ್ಲಿ ತಿಂಗಳ ಆದಾಯ ಎಲ್ಲಿ ಹುಡುಕ್ಲಿ ಅಂತ ನಾನು ಯೋಚ್ನೆ ಮಾಡ್ತಿದ್ರೆ ಲೋನ್ ಬರ್ಕೊಳಕ್ಕೆ ಬಂದಿದ್ದ ಕಂಪನಿ ಹುಡುಗ ಟ್ಯಾಬಲ್ಲಿ ತಾನೇ 24,000 ಅಂತ ಒತ್ಕೊಂಡ.

ಹೋದ ವರ್ಷ ಮಾನಸಗಂಗೋತ್ರಿಲಿ ಸಮಾಜಶಾಸ್ತ್ರ ಓದೋ ಹುಡುಗಿ ಒಂದು, ಯಾವ್ಯಾವ ಮನೇಲಿ ಎಷ್ಟೆಷ್ಟು ಸಾಲ ಇದೆ ಅಂತ ಸರ್ವೆ ಮಾಡಕ್ಕೆ ಬಂದಿತ್ತು, ಇದೇ ಆದಾಯ ಬರ್ಕೊಳಕ್ಕೆ ಅದಕ್ಕೆ ಒಂದು ಗಂಟೆ ಹಿಡೀತು. ಎಷ್ಟು ಕಡೆ ಸಾಲ ಇದೆ ಅಕ್ಕ ಅಂತು. ಅತ್ತೆ ಪಕ್ಕದಲ್ಲೇ ಕೂತಿದ್ರು, ಒಂದೇ ಕಣವ್ವ ಅಂದೆ. ಆಮೇಲೆ ನಾನು ಹಾಲು ಕರೆಯಕ್ಕೆ ಕೊಟ್ಟಿಗೆಗೆ ಹೋದಾಗ ಹಿಂದೇನೇ ಬಂತು, ಅಲ್ಲಿ ಮೂರು ಅಂದೆ, ಓಲೆ ಗಿರವಿ ಇಟ್ಟಿರೋದು, ಚೀಟಿ ಎತ್ತಿರೋದು ಸೇರಿ. ಏನೂ ಕೇಳ್ದೆ 1 ಹೊಡೆದಾಕಿ 3 ಬರ್ಕೊಳ್ತು, ಜಾಣೆ. ಗೃಹಲಕ್ಷ್ಮಿ ದುಡ್ಡು ಯಾವುದಕ್ಕೆ ಖರ್ಚಾಗ್ತದೆ ಅನ್ನೋ ಕಡೆ ರೇಷನ್, ಔಷಧಿ, ಸ್ಕೂಲ್ ಫೀಸು ಅಂತೆಲ್ಲ ಕಾಲಂ ಇತ್ತು, ಕಂತು ಅನ್ನೋ ಕಾಲಮ್ಮೇ ಇರ್ಲಿಲ್ಲ, ಪಕ್ಕದಲ್ಲಿ ಕೈಲಿ ಬರೆಸ್ದೆ. 2023ರ ಆಗಸ್ಟಲ್ಲಿ ಮೈಸೂರಲ್ಲಿ ಶುರು ಮಾಡಿದ್ರಲ್ಲ ಆ 2,000, ಅದು ಬಂದ ತಿಂಗಳು ನಾನು 400 ಹೊಂದಿಸಿದ್ರೆ ನಾಲ್ಕು ವಾರ ಕಳೀತು. ಅದು ತಡ ಆದ್ರೆ ಕಂತೇನು ಕಾಯ್ತದಾ.

ಇನ್ನು ಸಂಘದಲ್ಲಿ ಒಬ್ಬರು ಕಟ್ಲಿಲ್ಲ ಅಂದ್ರೆ ಮಿಕ್ಕೋರು ಸೇರಿ ಹಾಕ್ಬೇಕು. ಒಂದ್ವಾರ ಪಕ್ಕದ್ಮನೆಯವ್ರು ತವರಿಗೆ ಹೋಗಿದ್ರು, ಕಲೆಕ್ಷನ್ ಹುಡುಗ ಬೆಳಿಗ್ಗೆ 7ಕ್ಕೆ ಬಂದು ನಮ್ ಜಗಲಿ ಮೇಲೆ ಕೂತ, 9ಕ್ಕೆ ಮುಂಚೆ ಸಂಜೆ 6ರ ಮೇಲೆ ಫೋನೂ ಮಾಡಂಗಿಲ್ಲ ಅಂತ ರೂಲ್ಸಿದೆ, ಯಾರು ಹೇಳ್ಬೇಕು ಅವನಿಗೆ. 2025 ಫೆಬ್ರವರಿಲಿ ಸರ್ಕಾರ ಸುಗ್ರೀವಾಜ್ಞೆ ತಂದು ಕಿರುಕುಳ ಕೊಟ್ರೆ 10 ವರ್ಷದವರೆಗೆ ಜೈಲು ಅಂದ್ಮೇಲೆ ಜಗಲಿ ಬಿಟ್ಟವ್ನೆ, ಈಗ ಲೀಡರ್ ಅಕ್ಕನ ಕೈಲಿ ಫೋನ್ ಮಾಡಿಸ್ತಾನೆ.

ಕೊನೆ ಕಂತು ಕಟ್ಟಿದ ದಿನ ಅಲ್ಲೇ ಟ್ಯಾಬ್ ತೆಗ್ದು "ಅಕ್ಕ, ಈಗ ನಿಮ್ಗೆ 80,000 ಬರ್ತದೆ" ಅಂದ. ಕಬ್ಬಿನ ಬಿಲ್ಲು ಇನ್ನೂ ಆಗಿಲ್ಲ. ಆಧಾರ್ ಜೆರಾಕ್ಸ್ ಕೊಟ್ಟಿದೀನಿ.