ಜಾಮ್ ಆದ ರೋಟರಿ ಇಂಜಿನ್ನಿಗೆ ಯಾರೂ ಸೆಲ್ಫ್ ಹೊಡೆಯದಂತೆ ನೋಡಿಕೊಳ್ಳಿ

ಬೆಂಗಳೂರಿನಲ್ಲಿ ರೋಟರಿ ಇಂಜಿನ್ನಿನ, ಅಂದರೆ ಪಿಸ್ಟನ್ ಬದಲು ಮೂರು ಮೂಲೆಯ ರೋಟರ್ ಸುತ್ತುವ ಇಂಜಿನ್ನಿನ ಕಾರು ಇಟ್ಟುಕೊಂಡವರು ಬಹಳ ಜನ ಇಲ್ಲ. ಮಜ್ದಾ ಕಂಪನಿ ಈ ಕಾರುಗಳನ್ನು ನಮ್ಮ ದೇಶದಲ್ಲಿ ಮಾರಲೇ ಇಲ್ಲ. ಇಲ್ಲಿರುವ ಆರ್‌ಎಕ್ಸ್-7, ಆರ್‌ಎಕ್ಸ್-8ಗಳೆಲ್ಲ ಯಾರೋ ಆಸೆಪಟ್ಟು ಹೊರದೇಶದಿಂದ ತಂದವು. ಅಂಥದ್ದೊಂದು ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ನಿಂತಿದ್ದರೆ, ಇಂಜಿನ್ ತಿರುಗುತ್ತಿಲ್ಲ ಎಂದು ಗ್ಯಾರೇಜಿಗೆ ಕಳಿಸುವ ಮೊದಲು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ಸೋದರಮಾವನ ಕಾರು ಜಾಮ್ ಆದದ್ದು ಬೇರೆ, ಹಾಳಾದದ್ದು ಬೇರೆ. ಜಾಮ್ ಆದದ್ದು ಮನೆಯಲ್ಲಿ, ನಿಂತು ನಿಂತು. ಹಾಳಾದದ್ದು ಗ್ಯಾರೇಜಿನಲ್ಲಿ, ಒಂದೇ ಮಧ್ಯಾಹ್ನ.

ಕಾರು 1980ರ ದಶಕದ ಎರಡನೇ ತಲೆಮಾರಿನ ಆರ್‌ಎಕ್ಸ್-7. ಒಳಗಿರುವುದು 13ಬಿ ಇಂಜಿನ್: ಎರಡು ರೋಟರ್, ಒಂದೊಂದಕ್ಕೆ 654 ಸಿಸಿ. 1991ರಲ್ಲಿ ಮಜ್ದಾದ 787ಬಿ ಕಾರು ಲೆ ಮಾನ್ಸ್ 24 ಗಂಟೆಗಳ ರೇಸ್ ಗೆದ್ದಾಗ ಹತ್ತಿದ ಮೋಹ ಮಾವನಿಗೆ ಇಳಿಯಲೇ ಇಲ್ಲ. ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾಗ ಇದನ್ನು ಕೊಂಡು, ಊರಿಗೆ ವಾಪಸಾದಾಗ ಜೊತೆಯಲ್ಲೇ ತಂದರು. ಮಂಡಿನೋವು ಹೆಚ್ಚಾಗಿ ಕ್ಲಚ್ ತುಳಿಯಲಾಗದ ಮೇಲೆ ಜಯನಗರದ ಮನೆಯ ಪೋರ್ಟಿಕೋದಲ್ಲಿ ನಿಲ್ಲಿಸಿಬಿಟ್ಟರು.

ಮತ್ತೆ ಓಡಿಸೋಣವೆಂದು ಹೊಸ ಬ್ಯಾಟರಿ ಹಾಕಿ ಕೀಲಿ ತಿರುಗಿಸಿದರೆ 'ಟಕ್' ಎಂದಿತು, ಅಷ್ಟೇ. ಅಲ್ಲಿಗೇ ನಿಲ್ಲಿಸಿದೆವು. ಬೆಲ್ಟುಗಳನ್ನೆಲ್ಲ ಬಿಚ್ಚಿ ಆಲ್ಟರ್ನೇಟರ್, ವಾಟರ್ ಪಂಪ್, ಎಸಿ ಕಂಪ್ರೆಸರ್ ಒಂದೊಂದನ್ನೂ ಕೈಯಲ್ಲಿ ತಿರುಗಿಸಿ ನೋಡಿದೆವು. ಎಷ್ಟೋ ಸಲ ಅವುಗಳಲ್ಲೊಂದು ಹಿಡಿದುಕೊಂಡಿರುತ್ತದೆ, ಅಪವಾದ ಮಾತ್ರ ಇಂಜಿನ್ನಿನ ಮೇಲೆ ಬರುತ್ತದೆ. ಮೂರೂ ಸಲೀಸಾಗಿ ತಿರುಗಿದವು. ನಾಲ್ಕು ಪ್ಲಗ್ ತೆಗೆದು, ಮೊಬೈಲಿಗೆ ಸಿಕ್ಕಿಸುವ ಬೋರ್‌ಸ್ಕೋಪ್ ಕ್ಯಾಮೆರಾ ಇಳಿಸಿದೆವು. ಹಿಂದಿನ ರೋಟರಿನ ಕೆಳಗಿನ ಪ್ಲಗ್ ಕಂದುಬಣ್ಣಕ್ಕೆ ತಿರುಗಿ ಒದ್ದೆಯಾಗಿತ್ತು. ರೇಡಿಯೇಟರ್ ನೀರು ತಳ ಕಂಡಿತ್ತು. ಆದರೆ ಕ್ಯಾಮೆರಾಕ್ಕೆ ಕಂಡಷ್ಟು ಇಂಜಿನ್ನಿನ ಒಳಗೋಡೆಯ ಕ್ರೋಮ್ ಲೇಪ ನುಣ್ಣಗೆ, ಗೀರಿಲ್ಲದೆ ಹೊಳೆಯುತ್ತಿತ್ತು. ಎಲ್ಲವನ್ನೂ ವಿಡಿಯೋ ಮಾಡಿಟ್ಟುಕೊಂಡೆವು. ಈ ವಿಡಿಯೋ ಇಲ್ಲದಿದ್ದರೆ ಇವತ್ತು ನಮ್ಮ ಮಾತನ್ನು ಯಾರೂ ನಂಬುತ್ತಿರಲಿಲ್ಲ.

ಮುಂದಿನ ಕೆಲಸಕ್ಕೆ ಕಾರನ್ನು ಎತ್ತಬೇಕಿತ್ತು, ಪೋರ್ಟಿಕೋದಲ್ಲಿ ಅದಕ್ಕೆ ಜಾಗವಿರಲಿಲ್ಲ. 'ಫಾರಿನ್ ಕಾರು ಎಲ್ಲಾ ಮಾಡ್ತೀವಿ' ಎಂದ ಒಂದು ಗ್ಯಾರೇಜಿಗೆ ಫ್ಲಾಟ್‌ಬೆಡ್ ಲಾರಿಯಲ್ಲಿ ಕಳಿಸಿದೆವು. ಸೆಲ್ಫ್ ಹೊಡೆಯಬಾರದು, ಎಳೆದು ಸ್ಟಾರ್ಟ್ ಮಾಡಬಾರದು ಎಂದು ಜಾಬ್ ಕಾರ್ಡಿನಲ್ಲಿ ಬರೆಸಿ ಅವರ ಸಹಿಯನ್ನೂ ಹಾಕಿಸಿಕೊಂಡೆವು.

ಮೊದಲ ಫೋನಿನಲ್ಲೇ 'ಪಿಸ್ಟನ್ ಹಿಡ್ಕೊಂಡಿದೆ ಸಾರ್, ಹೆಡ್ ಇಳಿಸ್ಬೇಕು' ಅಂದರು. ಕಳಿಸಿದ ಎಸ್ಟಿಮೇಟಿನಲ್ಲಿ ಹೆಡ್ ಗ್ಯಾಸ್ಕೆಟ್, ವಾಲ್ವ್ ಗ್ರೈಂಡಿಂಗ್, ರಿಂಗ್ ಸೆಟ್ ಇದ್ದವು. ಈ ಇಂಜಿನ್ನಿನಲ್ಲಿ ಪಿಸ್ಟನ್ ಇಲ್ಲ, ಸಿಲಿಂಡರ್ ಹೆಡ್ ಇಲ್ಲ, ವಾಲ್ವ್ ಒಂದೂ ಇಲ್ಲ. ಬಿಡಿಭಾಗ ಎಲ್ಲಿಂದ ತರುತ್ತೀರಿ ಎಂದು ಕೇಳಿದ್ದಕ್ಕೆ 'ಮಜ್ದಾ ತಾನೆ, ಸ್ವರಾಜ್ ಮಜ್ದಾದ್ದು ಜೆ.ಸಿ. ರೋಡಲ್ಲೇ ಸಿಗುತ್ತೆ' ಅಂದರು. ಸ್ವರಾಜ್ ಮಜ್ದಾ ಡೀಸೆಲ್ ಲಾರಿ, ಮಿನಿ ಬಸ್ಸು. ತಕ್ಷಣ ಹೊರಟೆವು. ಹೋಗಿ ನೋಡಿದರೆ ಕಾರು ರಸ್ತೆಯ ಬದಿಯಲ್ಲಿತ್ತು, ಮುಂದೆ ಹಗ್ಗ ಇನ್ನೂ ಕಟ್ಟಿಯೇ ಇತ್ತು. ದೊಡ್ಡ ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆದಿದ್ದಾರೆ. ಆಗಲಿಲ್ಲವೆಂದು ಎರಡನೇ ಗೇರಿನಲ್ಲಿಟ್ಟು ಜೀಪಿಗೆ ಕಟ್ಟಿ ಎಳೆದಿದ್ದಾರೆ. 'ಒಂದ್ ಸಲ ಜೋರಾಗಿ ಸದ್ದು ಬಂತು, ಆಮೇಲೆ ಫ್ರೀ ಆಯ್ತು' ಎಂದು ಅಲ್ಲಿನ ಹುಡುಗ ಖುಷಿಯಿಂದಲೇ ಹೇಳಿದ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಸಹಿ ಹಾಕಿದವರ ಮೇಲಿದೆ.

ಆ ಸದ್ದು ಏನೆಂದು ತಿಳಿಯಬೇಕಾದರೆ ಒಳಗೇನಿದೆ ಎಂದು ಗೊತ್ತಿರಬೇಕು. ಎರಕದ ಕಬ್ಬಿಣದ ಪ್ಲೇಟು, ಅಲ್ಯೂಮಿನಿಯಂ ಹೌಸಿಂಗ್, ಮತ್ತೆ ಪ್ಲೇಟು, ಹೀಗೆ ಇಡ್ಲಿ ತಟ್ಟೆಗಳಂತೆ ಒಂದಕ್ಕೊಂದು ಜೋಡಿಸಿ ಉದ್ದನೆಯ ಬೋಲ್ಟುಗಳಿಂದ ಬಿಗಿದ ಇಂಜಿನ್ ಇದು. ಹೌಸಿಂಗಿನೊಳಗೆ ಮೂರು ಮೂಲೆಯ ರೋಟರ್ ಸುತ್ತುತ್ತದೆ. ಪ್ರತಿ ಮೂಲೆಯಲ್ಲೂ ಒತ್ತಡ ಸೋರದಂತೆ ಗೋಡೆಗೆ ಒತ್ತಿ ಕೂರುವ 2 ಮಿಲಿಮೀಟರ್ ದಪ್ಪದ ಒಂದು ಪಟ್ಟಿ, ಅದೇ ಅಪೆಕ್ಸ್ ಸೀಲ್. ರೋಟರಿನ ಎರಡೂ ಮಗ್ಗುಲಲ್ಲಿ ಇನ್ನೂ ತೆಳ್ಳಗಿನ ಸೈಡ್ ಸೀಲ್‌ಗಳು. ಪ್ಲೇಟಿಗೂ ಹೌಸಿಂಗಿಗೂ ನಡುವೆ ನೀರು ತಡೆಯಲು ರಬ್ಬರ್ ರಿಂಗ್ ಕೂರುವ ಕೊರಕಲು ಇರುತ್ತದೆ. ಈ ತಲೆಮಾರಿನಲ್ಲಿ ಆ ಕೊರಕಲು ಕಬ್ಬಿಣದ ಪ್ಲೇಟಿನಲ್ಲೇ ಇದೆ. ಅದರ ತೆಳು ಅಂಚು ತುಕ್ಕು ತಿಂದು ಮುರಿದರೆ ಕೂಲಂಟ್ ನೇರ ರೋಟರ್ ಸುತ್ತುವ ಕೋಣೆಯೊಳಗೆ ಇಳಿಯುತ್ತದೆ. ನಿಂತ ಕಾರಿನಲ್ಲಿ ಆ ತೇವಕ್ಕೆ ಸೀಲುಗಳು ಪ್ಲೇಟಿಗೆ ತುಕ್ಕಿನಲ್ಲಿ ಅಂಟಿಕೊಳ್ಳುತ್ತವೆ. ನಮ್ಮದರಲ್ಲಿ ಆಗಿದ್ದು ಇಷ್ಟೇ, ಎಣ್ಣೆ ಮತ್ತು ತಾಳ್ಮೆಯಿಂದ ಬಿಡಿಸಬಹುದಾಗಿದ್ದ ಜಾಮ್. ಜೀಪು ಎಳೆದಾಗ ಅಂಟಿದ್ದ ಅಪೆಕ್ಸ್ ಸೀಲ್ ಮುರಿದು, ತುಂಡು ಗೋಡೆಯ ಕ್ರೋಮನ್ನು ಸೀಳಿಕೊಂಡು ಎಗ್ಸಾಸ್ಟಿನಿಂದ ಹೊರಗೆ ಹೋಯಿತು. ಪಿಸ್ಟನ್ ಇಂಜಿನ್ನಾಗಿದ್ದರೆ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಬಹುದು. ರೋಟರಿಯಲ್ಲಿ ಓವರ್‌ಸೈಜ್ ಎಂಬುದೇ ಇಲ್ಲ. ಕ್ರೋಮ್ ಸೀಳಿದ ಹೌಸಿಂಗನ್ನು ಬದಲಿಸಬೇಕು, ಅದು ಹಡಗಿನಲ್ಲೋ ವಿಮಾನದಲ್ಲೋ ಬರಬೇಕು, ಮೇಲೆ ಸುಂಕ.

ಆಮೇಲೆ ವಿಲ್ಸನ್ ಗಾರ್ಡನ್ ಕಡೆಯ ಹಿರಿಯ ಮೇಸ್ತ್ರಿಯೊಬ್ಬರು ಕಾರು ನೋಡಿದರು. ರೋಟರಿ ಅವರ ಕೈಗೆ ಬಂದದ್ದು ಅಪರೂಪ, ಅದನ್ನು ಮೊದಲೇ ಹೇಳಿ, ಸರ್ವಿಸ್ ಮ್ಯಾನುಯಲ್ ತರಿಸಿಕೊಂಡು ಓದಿ ಕೈಹಾಕಿದರು. ಅವರು ತೋರಿಸಿಕೊಟ್ಟ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಪ್ಲಗ್ ತೆಗೆದ ಮೇಲೆ ಮುಂದಿನ ಪುಲ್ಲಿಯ 19ರ ಬೋಲ್ಟಿಗೆ ಉದ್ದ ರಾಡ್ ಹಾಕಿ, ಮುಂದಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ಮೆಲ್ಲಗೆ ಒತ್ತಬೇಕು. ಕೆಳಗಿನ ಪ್ಲಗ್ ತೂತಿನಿಂದ ನೀರು ಚಿಮ್ಮಿದರೆ ಕೋಣೆಯಲ್ಲಿ ಕೂಲಂಟ್ ತುಂಬಿಯೇ ಇಂಜಿನ್ ನಿಂತಿತ್ತು ಎಂದರ್ಥ. ಸ್ವಲ್ಪ ತಿರುಗಿ ಪ್ರತಿ ಸಲವೂ ಅದೇ ಜಾಗದಲ್ಲಿ ಕಲ್ಲಿಗೆ ಬಡಿದಂತೆ ನಿಂತರೆ ಒಳಗೆ ಮುರಿದ ಸೀಲಿನ ಚೂರೋ ಕಾರ್ಬನ್ ಗಟ್ಟಿಯೋ ಸಿಕ್ಕಿಕೊಂಡಿರಬಹುದು. ಜಪ್ಪಯ್ಯ ಅಂದರೂ ಎಲ್ಲಿಯೂ ಅಲುಗದಿದ್ದರೆ ತುಕ್ಕಿನ ಅನುಮಾನ ಮೊದಲು. ಸುತ್ತು ಪೂರ್ತಿ ಭಾರವಾಗಿ ಉಜ್ಜಿದಂತೆ ತಿರುಗಿದರೆ ಬೇರಿಂಗ್ ಕಡೆ ನೋಡಬೇಕು. ಇಂಜಿನ್ ಆಯಿಲ್ ಇಳಿಸಿ, ಅದರಲ್ಲಿ ಲೋಹದ ಹೊಳಪಿದೆಯೇ, ಹಾಲಿನಂತೆ ಬಿಳಿಚಿದೆಯೇ ಎಂದು ಬಿಸಿಲಿಗೆ ಹಿಡಿದು ಪರೀಕ್ಷಿಸಬೇಕು.

ತುಕ್ಕೇ ಆಗಿದ್ದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಎಣ್ಣೆಯನ್ನು ಒಳಗೆ ಬಿಟ್ಟು ದಿನಗಟ್ಟಲೆ ನೆನೆಯಲು ಬಿಡುತ್ತಾರೆ. ಹೆಚ್ಚಿನವರು ತಪ್ಪುವುದು ಇಲ್ಲೇ. ರೋಟರಿನ ಮೂರು ಮುಖಗಳಿಗೂ ಗೋಡೆಗೂ ನಡುವೆ, ಒಂದೊಂದು ರೋಟರಿಗೂ ಮೂರು ಕೋಣೆ. ಪ್ಲಗ್ ತೂತಿನಿಂದ ಸುರಿದ ಎಣ್ಣೆ ಒಂದಕ್ಕೆ ಮಾತ್ರ ತಲುಪುತ್ತದೆ. ಉಳಿದವಕ್ಕೆ ಇನ್‌ಟೇಕ್ ಮತ್ತು ಎಗ್ಸಾಸ್ಟ್ ಕಡೆಯಿಂದಲೂ ಬಿಡಬೇಕು. ಹಿಂದಕ್ಕೂ ಮುಂದಕ್ಕೂ ಅಲುಗಿಸುವುದಿದ್ದರೆ ಕಾರನ್ನು ಮೇಲಿನ ಗೇರಿನಲ್ಲಿಟ್ಟು ಕೈಯಿಂದ ಮೆಲ್ಲಗೆ ತೂಗಿ, ಬೋಲ್ಟನ್ನು ಉಲ್ಟಾ ತಿರುಗಿಸಬೇಡಿ. ಆ ಬೋಲ್ಟ್ ಸಡಿಲವಾಗಿ, ಯಾರಾದರೂ ಕ್ಲಚ್ ತುಳಿದು ಶಾಫ್ಟ್ ಸರಿದರೆ ಒಳಗಿನ ಥ್ರಸ್ಟ್ ಬೇರಿಂಗ್ ಜಾಗ ಬಿಟ್ಟು ಜಾರುತ್ತದೆ. ಗೊತ್ತಿಲ್ಲದೆ ಮತ್ತೆ ಬಿಗಿದರೆ ಅದು ಜಜ್ಜಿ, ಚೆನ್ನಾಗಿದ್ದ ಇಂಜಿನ್ನೂ ಬಿಗಿಯಾಗುತ್ತದೆ.

'ಫ್ರೀ ಆಯ್ತು' ಎಂಬ ಮಾತನ್ನು ಸುಮ್ಮನೆ ಒಪ್ಪಬೇಡಿ. ಶಾಫ್ಟ್ ಮೂರು ಸುತ್ತು ಬಂದರೆ ರೋಟರ್ ಒಂದು ಸುತ್ತು. ಮೂರೂ ಸುತ್ತು ಕೈಯಲ್ಲೇ ತಿರುಗಿಸಿ, ಆಗಾಗ ನಿಲ್ಲಿಸಿ ಬೋರ್‌ಸ್ಕೋಪಿನಲ್ಲಿ ನೋಡಬೇಕು. ಆರ್‌ಎಕ್ಸ್-7ನಲ್ಲಿ ಎಗ್ಸಾಸ್ಟ್ ಮ್ಯಾನಿಫೋಲ್ಡ್ ಬಿಚ್ಚಿದರೆ ಅಪೆಕ್ಸ್ ಸೀಲ್‌ಗಳು ಒಂದಾದ ಮೇಲೊಂದು ಕಣ್ಣೆದುರೇ ಹಾದುಹೋಗುತ್ತವೆ. ಮೊಂಡು ಕಡ್ಡಿಯಿಂದ ಒತ್ತಿದರೆ ಸ್ಪ್ರಿಂಗಿನಂತೆ ಮರಳಿ ಬರಬೇಕು. ನಮ್ಮ ಹಿಂದಿನ ರೋಟರಿನಲ್ಲಿ ಒಂದು ಮೂಲೆ ಅರ್ಧ ಖಾಲಿಯಿತ್ತು. ಆರ್‌ಎಕ್ಸ್-8ರಲ್ಲಿ ಎಗ್ಸಾಸ್ಟ್ ದ್ವಾರ ಪಕ್ಕದ ಪ್ಲೇಟಿನಲ್ಲಿರುವುದರಿಂದ ಹೀಗೆ ನೋಡಲಾಗದು.

ಕೋಣೆಗಳ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಇದೆಲ್ಲ ಆದ ಮೇಲೆ. ಸಾಮಾನ್ಯ ಗೇಜ್ ಮೂರು ಮುಖಗಳಲ್ಲಿ ಹೆಚ್ಚಿನದನ್ನಷ್ಟೇ ತೋರಿಸಿ ಕೆಟ್ಟದ್ದನ್ನು ಮುಚ್ಚಿಹಾಕುತ್ತದೆ. ಮೂರನ್ನೂ ಬೇರೆಬೇರೆ ತೋರಿಸುವ ರೋಟರಿ ಟೆಸ್ಟರ್ ಬೇಕು. ಆರ್‌ಎಕ್ಸ್-8ಕ್ಕೆ ಮಜ್ದಾ ಹೇಳಿದ ಕನಿಷ್ಠ ಅಳತೆ 250 ಆರ್‌ಪಿಎಂನಲ್ಲಿ ಚದರ ಸೆಂಟಿಮೀಟರಿಗೆ 6.9 ಕಿಲೋ. ಆದರೆ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡವೇ ಶೇಕಡ 10ರಷ್ಟು ಕಡಿಮೆ. ಆ ಲೆಕ್ಕ ಹಿಡಿಯದೆ ಇಂಜಿನ್ ಸತ್ತಿದೆ ಎಂದು ಹೇಳುವವರ ಮಾತಿಗೆ ಹಣ ಬಿಚ್ಚಬೇಡಿ.

ಗ್ಯಾರೇಜಿನವರು ಜವಾಬ್ದಾರಿ ಒಪ್ಪಲಿಲ್ಲ, 'ಮೊದಲೇ ಹೋಗಿತ್ತು' ಅಂದರು. ಕಾರು ಬಿಟ್ಟುಕೊಡಲು, ಅಲ್ಲಿ ನಿಲ್ಲಿಸಿದ್ದಕ್ಕೆ ಬಾಡಿಗೆ ಬೇರೆ ಕೇಳಿದರು. ಜಾಬ್ ಕಾರ್ಡ್, ಎಸ್ಟಿಮೇಟ್, ಮೊದಲಿನ ಮತ್ತು ನಂತರದ ವಿಡಿಯೋ ಜೋಡಿಸಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೇವೆ. ನಿಮಗೂ ಹೀಗಾದರೆ, ಘಟನೆಯಿಂದ 2 ವರ್ಷದೊಳಗೆ ದೂರು ಸಲ್ಲಿಸಬೇಕೆಂಬುದು ನೆನಪಿರಲಿ. ಕಾರು ಕೊಡುವಾಗ, ಈ ಇಂಜಿನ್ನಿನಲ್ಲಿ ಪ್ಲಗ್ ಎಷ್ಟು, ಅಪೆಕ್ಸ್ ಸೀಲ್ ಎಂದರೇನು ಎಂದು ಕೇಳಿ. ಉತ್ತರ ತಡವರಿಸಿದರೆ ಅದೇ ಲಾರಿಯಲ್ಲಿ ವಾಪಸ್ ತನ್ನಿ.

ಇನ್ನೂ ಓಡುತ್ತಿರುವ ಕಾರು ಇರುವವರು ರೇಡಿಯೇಟರ್ ಕಡೆ ನಿಗಾ ಇಡಿ. ನಮ್ಮಲ್ಲಿ ನೀರು ಕಡಿಮೆಯಾದರೆ ಬೋರ್‌ವೆಲ್ ನೀರನ್ನೇ ಹೊಯ್ಯುವ ಅಭ್ಯಾಸ. ಕಬ್ಬಿಣವೂ ಅಲ್ಯೂಮಿನಿಯಂ ಕೂಡ ತಾಗಿಕೊಂಡಿರುವ ಈ ಇಂಜಿನ್ನಿಗೆ ಆ ಗಡಸು ನೀರು ವಿಷ. ಡಿಸ್ಟಿಲ್ಡ್ ನೀರಿಗೆ ಬೆರೆಸಿದ ಒಳ್ಳೆಯ ಕೂಲಂಟ್ ಬಿಟ್ಟು ಬೇರೇನೂ ಹಾಕಬೇಡಿ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ರೋಟರ್ ತಡವಾಗಿ ಎದ್ದಂತೆ ಇಂಜಿನ್ ತೊದಲಿದರೆ, ಬಿಳಿ ಹೊಗೆ ಸಿಹಿ ವಾಸನೆ ಬೀರಿದರೆ, ಸೋರಿಕೆ ಕಾಣದೆಯೇ ಕೂಲಂಟ್ ಇಳಿಯುತ್ತಿದ್ದರೆ ನೀರಿನ ಸೀಲ್ ಸೋತಿರುವ ಸಾಧ್ಯತೆ ಹೆಚ್ಚು. ಆಗ ಕಾರನ್ನು ಒಂದು ಮೂಲೆಯಲ್ಲಿ ನಿಲ್ಲಿಸಿಬಿಡಬೇಡಿ, ಇಂಜಿನ್ ಇನ್ನೂ ತಿರುಗುತ್ತಿರುವಾಗಲೇ ಬಿಚ್ಚಿಸಿ.