ಮಿಕ್ಸ್ಡ್ ನಟ್ಸ್ ಪ್ಯಾಕೆಟ್: ಹುರಿಯದ್ದನ್ನೇ ಕೊಳ್ಳಿ

ಹುರಿದು ಉಪ್ಪು ಹಚ್ಚಿದ ಪ್ಯಾಕೆಟ್‌ಗಿಂತ ಹುರಿಯದ, ಉಪ್ಪಿಲ್ಲದ ಮಿಶ್ರಣಕ್ಕೇ ನಮ್ಮ ಮತ. ಬಾದಾಮಿ, ಗೋಡಂಬಿ, ಪಿಸ್ತಾ, ಅಕ್ರೋಟ್ ನಾಲ್ಕೂ ಇದ್ದರೆ ಮೊದಲು ಪರೀಕ್ಷಿಸಬೇಕಾದ್ದು ಅಕ್ರೋಟನ್ನು. ಅದರ ಎಣ್ಣೆ ಗಾಳಿ, ಬೆಳಕು, ಬಿಸಿ ತಾಗಿದರೆ ಬೇಗ ಕೆಡುತ್ತದೆ. ಒಂದನ್ನು ಮುರಿದು ಮೂಸಿ. ತಿರುಳು ಕೆನೆಬಣ್ಣದ್ದಾಗಿದ್ದರೆ ಸರಿ. ಹಳದಿಗಟ್ಟಿ ಕಮಟು ವಾಸನೆ ಬಂದರೆ ಎಷ್ಟು ಹುರಿದರೂ ಸರಿಹೋಗದು. ಅಕ್ರೋಟಿನ ಸಿಪ್ಪೆಯ ಒಗರು ಬೇರೆ ವಿಷಯ: ಕುದಿಯುವ ನೀರಲ್ಲಿ 1 ನಿಮಿಷ ಹಾಕಿ, ಸೋಸಿ, ಒರೆಸಿ ಹುರಿದರೆ ಅದು ಬಹಳ ಕಡಿಮೆಯಾಗುತ್ತದೆ.

ನಾಲ್ಕನ್ನೂ ಒಟ್ಟಿಗೆ ಹುರಿಯಬೇಡಿ. 160 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ಬಾದಾಮಿಗೆ ಸುಮಾರು 12 ನಿಮಿಷ ಬೇಕು, ಗೋಡಂಬಿಗೆ 8 ಸಾಕು. ಬಿಸಿಯಿರುವಾಗ ಎಲ್ಲವೂ ಮೆತ್ತಗೇ ಇರುತ್ತವೆ, ಗರಿಗರಿಯಾಗುವುದು ಆರಿದ ಮೇಲೆ. ಇನ್ನೂ ಆಗಿಲ್ಲವೆಂದು ಬಿಟ್ಟರೆ ಸೀದು ಕಹಿಯಾಗುತ್ತವೆ. ಒಂದು ಬಾದಾಮಿಯನ್ನು ಕತ್ತರಿಸಿ ನೋಡಿ. ಒಳಗೆ ತಿಳಿ ಕಂದು ಬಂದ ಕೂಡಲೇ ತಣ್ಣನೆಯ ತಟ್ಟೆಗೆ ಸುರಿಯಿರಿ. ಕಾದ ಟ್ರೇಯಲ್ಲೇ ಬಿಟ್ಟರೆ ಹುರಿಯುತ್ತಲೇ ಹೋಗುತ್ತದೆ.

ಪುಡಿ ಉಪ್ಪು ಒಣ ಬಾದಾಮಿಗೆ ಅಂಟದೆ ಡಬ್ಬಿಯ ತಳ ಸೇರುತ್ತದೆ. 200 ಗ್ರಾಂ ಬಾದಾಮಿಗೆ ಕಾಲು ಟೀ ಚಮಚ ಉಪ್ಪನ್ನು 2 ಟೀ ಚಮಚ ನೀರಲ್ಲಿ ಕರಗಿಸಿ, ಹುರಿಯುವ ಮೊದಲೇ ಸವರಿ. ಉಪ್ಪು ತೆಳ್ಳಗೆ, ಸಮನಾಗಿ ಹಿಡಿಯುತ್ತದೆ. ಎಂಥಾ ರುಚಿ!

ಪಿಸ್ತಾ ಹಾಗೇ ತಿನ್ನಲು ಚೆನ್ನ. ಉಳಿದದ್ದನ್ನು ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ. ಹೊರತೆಗೆದ ಡಬ್ಬಿಯ ತಣುವು ಹೋಗುವ ಮುನ್ನ ಮುಚ್ಚಳ ತೆಗೆದರೆ ಪಸೆ ಹಿಡಿದು ಮೆತ್ತಗಾಗುತ್ತವೆ.