ಮಂಡಿ ಸವೆತಕ್ಕೆ ಸ್ಟೀರಾಯ್ಡ್, ಜೆಲ್, ಪಿಆರ್‌ಪಿ: ಮೂರನ್ನೂ ಹಾಕಿಸಿಕೊಂಡ ಮೇಲೆ

ನನ್ನದು ವಯಸ್ಸಿನ ಜೊತೆ ಬಂದ ಮಂಡಿ ಸವೆತ. ರುಮಟಾಯ್ಡ್‌ನಂಥ ಬೇರೆ ಸಂಧಿವಾತದ ದಾರಿಯೇ ಬೇರೆ, ಅದರ ಬಗ್ಗೆ ಇಲ್ಲಿ ಹೇಳುತ್ತಿಲ್ಲ.

ಮಂಡಿಗೆ ಹಾಕಿಸಿಕೊಂಡ ಮೂರು ಇಂಜೆಕ್ಷನ್‌ಗಳಲ್ಲಿ ಬೇಗ ಆರಾಮ ಕೊಟ್ಟಿದ್ದು ಸ್ಟೀರಾಯ್ಡ್. ಮಂಡಿ ಊದಿಕೊಂಡು, ಮುಟ್ಟಿದರೆ ಬಿಸಿ ಬಿಸಿ. ಬಾತ್‌ರೂಮಿಗೂ ಗೋಡೆ ಹಿಡಿದೇ ಹೋಗಬೇಕಿತ್ತು. ಡಾಕ್ಟರು ಮೊದಲು ಒಳಗೆ ತುಂಬಿದ್ದ ನೀರು ತೆಗೆದು, ಆಮೇಲೆ ಟ್ರಯಾಮ್ಸಿನೊಲೋನ್ ಅನ್ನುವ ಸ್ಟೀರಾಯ್ಡ್ 40 ಮಿಲಿಗ್ರಾಂ ಹಾಕಿದರು. ಕೆಲವೇ ದಿನದಲ್ಲಿ ಊತ ಇಳಿಯಿತು. ಆದರೆ ನನಗೆ ಶುಗರ್ ಇದೆ, ಆ ವಾರ ಅದು ಏರಿಬಿಟ್ಟಿತು. ಶುಗರ್ ಇರುವವರು ಡಾಕ್ಟರಿಗೆ ಮೊದಲೇ ಹೇಳಬೇಕು.

ಈ ಆರಾಮ ಕೆಲವು ವಾರಗಳದ್ದು. ಹಾಗಂತ ಪದೇ ಪದೇ ಹಾಕಿಸಿಕೊಳ್ಳುವುದು ಬೇಡ. 2017ರಲ್ಲಿ ಅಮೆರಿಕದ ಅಧ್ಯಯನವೊಂದು ಪ್ರಕಟವಾಯಿತು. 140 ಜನರಲ್ಲಿ ಅರ್ಧ ಮಂದಿಗೆ ಇದೇ ಔಷಧ, ಉಳಿದವರಿಗೆ ಬರೀ ಉಪ್ಪುನೀರು, 12 ವಾರಕ್ಕೊಮ್ಮೆ, 2 ವರ್ಷ. ಔಷಧ ಪಡೆದವರ ಮೂಳೆ ತುದಿಯ ಮೆತ್ತನೆಯ ಪದರವೇ ಜಾಸ್ತಿ ಸವೆದಿತ್ತು. ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೂ ಇರಲಿಲ್ಲ.

ಜೆಲ್ ಅಂದರೆ ಹಯಲುರಾನಿಕ್ ಆಸಿಡ್. ಕೀಲಿನ ನೀರಿನಲ್ಲಿ ಸಹಜವಾಗಿಯೇ ಇರುವ ವಸ್ತು. ಸ್ಟೀರಾಯ್ಡ್‌ಗಿಂತ ತುಂಬಾ ದುಬಾರಿ. ನನಗೆ ಮೆಟ್ಟಿಲು ಇಳಿಯುವಾಗ ಸ್ವಲ್ಪ ಹಗುರ ಅನಿಸಿತು, ಅಷ್ಟೇ. ಆ ದುಡ್ಡಿಗೆ ಇದು ಸಾಲದು. ಕೆಲವು ಬ್ರಾಂಡ್‌ಗಳನ್ನು ಹುಂಜದ ಜುಟ್ಟಿನಿಂದ ತಯಾರಿಸುತ್ತಾರೆ. ಕೋಳಿ, ಮೊಟ್ಟೆ ಅಲರ್ಜಿ ಇದ್ದವರು ಕೇಳಿಯೇ ಮುಂದುವರಿಯಿರಿ.

ಪಿಆರ್‌ಪಿಗೆ ನಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ಮಂಡಿಗೆ ಹಾಕುತ್ತಾರೆ. ಮೊದಲ ದಿನಗಳಲ್ಲಿ ನೋವು ಹೆಚ್ಚೇ ಆಯಿತು, ಊತ ಇಳಿಸುವ ಮಾತ್ರೆಯನ್ನೂ ನುಂಗಬಾರದು ಅಂದರು. ನಿಧಾನವಾಗಿ ಆರಾಮ ಸಿಕ್ಕಿತು, ನಿಜ. ಆದರೆ ಅದೇ ಸಮಯದಲ್ಲಿ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ತೊಡೆಯ ವ್ಯಾಯಾಮವನ್ನೂ ದಿನಾ ಮಾಡುತ್ತಿದ್ದೆ. ಗುಣ ಯಾವುದರದ್ದು ಅಂತ ಹೇಗೆ ಹೇಳುವುದು? 2021ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ 288 ಜನರಿದ್ದರು. 12 ತಿಂಗಳ ನಂತರ ಪಿಆರ್‌ಪಿಗೂ ಉಪ್ಪುನೀರಿಗೂ ನೋವಿನಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಹಾಗಾಗಿ ಮಂಡಿ ಊದಿ ಕೂರಲೂ ಏಳಲೂ ಆಗದಿದ್ದರೆ ನಾನು ಮತ್ತೆ ಸ್ಟೀರಾಯ್ಡನ್ನೇ ಕೇಳುತ್ತೇನೆ. ಊತ ಇಲ್ಲದ ದಿನಗಳಲ್ಲಿ ದುಡ್ಡು ಫಿಸಿಯೋಥೆರಪಿಗೆ. ಮಂಡಿ ಬದಲಿಸುವ ಆಪರೇಷನ್ ಯೋಚನೆ ಇರುವವರು ಕೊನೆಯ ಇಂಜೆಕ್ಷನ್ ಯಾವಾಗ ಆಯಿತೆಂದು ಸರ್ಜನ್‌ಗೆ ತಪ್ಪದೆ ಹೇಳಿ. ಸೋಂಕಿನ ಭಯದಿಂದ ಸಾಮಾನ್ಯವಾಗಿ 3 ತಿಂಗಳ ಅಂತರ ಇಡುತ್ತಾರೆ.